ಅತ್ತೆ ಕೊಟ್ಟ ಓಟು

ಟಕ್… ಟಕ್ ಟಕ್.

ಗೋಡೆಯ ಆಚೆಯಿಂದ ಚಮಚ ಬಡಿದ ಸದ್ದು. ಮೋರಾ ಕತ್ತಲಲ್ಲೇ ಎದ್ದು ಕುಳಿತಳು. ಪಕ್ಕದಲ್ಲಿ ಗಂಡ ಡೆನಿಸ್ ಮಗ್ಗುಲು ಬದಲಿಸಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಒಂದೇ ಗೋಡೆ ಹಂಚಿಕೊಂಡ ಜೋಡಿಮನೆ ಅದು. ಆ ಅರ್ಧದಲ್ಲಿ ಅತ್ತೆ ವೆರೋನಿಕಾ, ಈ ಅರ್ಧದಲ್ಲಿ ಅವರ ಕಿರಿಯ ಮಗನ ಸಂಸಾರ. ಮದುವೆಯಾಗಿ ಹನ್ನೆರಡು ವರ್ಷವಾಯಿತು. ಆ ಚಮಚದ ಸದ್ದಿಗೆ ಡೆನಿಸ್ ಎದ್ದದ್ದಿಲ್ಲ, ಮೋರಾ ಏಳದೆ ಇದ್ದದ್ದಿಲ್ಲ.

ಕೋಟು ಹೊದ್ದು ಹೊರಗಿನ ಜಗಲಿ ದಾಟಿದಳು. ಅಂಗಳದ ಹುಲ್ಲಿನ ಮೇಲೆ ಹಿಮ ಕಟ್ಟಿತ್ತು. ಅತ್ತೆಯ ಅರ್ಧದಲ್ಲಿ ಭಾವ ರಸೆಲ್‌ನ ಹೆಸರಿನ ಚುನಾವಣಾ ಫಲಕ, ತನ್ನ ಅರ್ಧದಲ್ಲಿ ತನ್ನದೇ ಹೆಸರು. ಎರಡರ ಕೆಳಗೂ ಒಂದೇ ಮನೆತನದ ಹೆಸರು, ಸೋಪ್ಕೊ!

"ಇಷ್ಟು ಹೊತ್ತು ಬೇಕಾ ಬರೋಕೆ? ಸತ್ತಿದ್ರೆ ತಣ್ಣಗಾಗಿರ್ತಿದ್ದೆ." ವೆರೋನಿಕಾ ಅಡುಗೆಮನೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಒಂದು ಕಣ್ಣಿಗೆ ಪೊರೆ ತೆಗೆದು ಕಟ್ಟಿದ ಪಟ್ಟಿ. ಇನ್ನೊಂದು ಕಣ್ಣಿನ ಪೊರೆ ಇನ್ನೂ ತೆಗೆಸಬೇಕಿತ್ತು.

"ಕಣ್ಣಿಗೆ ಔಷಧಿ ಹಾಕ್ಬೇಕಾ ಅತ್ತೆ?"

"ಇಲ್ಲ, ನಿನ್ನ ಚೆಂದದ ಮುಖ ನೋಡ್ಬೇಕಿತ್ತು! ಸೀಸೆ ಎಲ್ಲೋ ಉರುಳಿಹೋಯ್ತು, ಹುಡುಕು."

ಮೋರಾ ಒಲೆಯ ಕೆಳಗಿನಿಂದ ಸೀಸೆ ತೆಗೆದು, ಪಟ್ಟಿ ಬಿಚ್ಚಿ, ಉಸಿರು ಬಿಗಿಹಿಡಿದು ಹನಿ ಬಿಟ್ಟಳು. ಮುದುಕಿಯ ಕೆನ್ನೆಯ ಮೇಲೆ ಅದು ಕಣ್ಣೀರಿನ ಹಾಗೆ ಇಳಿಯಿತು.

"ನಾಳೆ ಓಟಿಗೆ ನೀನೇ ನನ್ನ ಕರ್ಕೊಂಡು ಹೋಗ್ಬೇಕು. ನನಗೆ ಅಕ್ಷರ ಕಾಣಲ್ಲ. ನೀನೇ ಗುರುತು ಹಾಕ್ಬೇಕು."

"ನಾನಾ? ಅತ್ತೆ… ನಾನೇ ನಿಂತಿರೋಳು! ಭಾವ ಬರ್ತಾರಂತಲ್ಲ, ಇಲ್ಲಾ ಡೆನಿಸ್…"

"ಭಾವನೂ ಬೇಡ, ಗಂಡನೂ ಬೇಡ. ಈ ಮನೆ ಒಡೆದ ಕೈ ನಿಂದು. ನನ್ನ ಮಗನ ಹೆಸರಿಗೆ ಅದೇ ಕೈ ಶಾಯಿ ತುಂಬಲಿ. ಊರು ನೋಡಲಿ!"

ಮೋರಾ ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿಟ್ಟಳು. "ಆಗ್ಲಿ ಅತ್ತೆ" ಎಂದಷ್ಟೇ ಹೇಳಿ ಹೊರಬಂದಳು.

ಮನೆ ಒಡೆದ ಕೈ! ಅವಳು ಮಾಡಿದ್ದಾದರೂ ಏನು? ಪೆನ್ಸಿಲ್ವೇನಿಯದ ಆ ಕಲ್ಲಿದ್ದಲ ಸೀಮೆಯಲ್ಲಿ ಗಣಿ ಮುಚ್ಚಿತ್ತು, ಹೊಲಿಗೆ ಕಾರ್ಖಾನೆ ಮುಚ್ಚಿತ್ತು, ಎರಡು ಚರ್ಚುಗಳೂ ಮುಚ್ಚಿದ್ದವು. ಉಳಿದಿದ್ದದ್ದು ವಾಲ್ನಟ್ ಬೀದಿಯ ಸಣ್ಣ ಶಾಲೆಯೊಂದೇ. ಅದನ್ನೂ ಮುಚ್ಚಿ, ಮಕ್ಕಳನ್ನು ಬೆಟ್ಟದ ಆಚೆಯ ದೊಡ್ಡ ಶಾಲೆಗೆ ಬಸ್ಸಿನಲ್ಲಿ ಸಾಗಿಸಬೇಕೆಂದು ಶಾಲಾ ಮಂಡಳಿ ಹೊರಟಿತ್ತು. ಮಂಡಳಿಯ ಅಧ್ಯಕ್ಷ ರಸೆಲ್. ಹಿಮ ಬಿದ್ದ ದಿನ ಆ ಬೆಟ್ಟದ ತಿರುವಿನಲ್ಲಿ ದೊಡ್ಡವರ ಗಾಡಿಯೇ ನಿಲ್ಲುವುದಿಲ್ಲ. ಏಳು ವರ್ಷದ ಮಗಳು ಟೆಸ್ಸಿಯನ್ನು ಹೇಗೆ ಕಳಿಸುವುದು? ಸಭೆಯಲ್ಲಿ ಎದ್ದು ಅದನ್ನೇ ಕೇಳಿದ್ದಳು ಮೋರಾ. ರಸೆಲ್ ಮೇಜಿನ ಮೇಲೆ ಸುತ್ತಿಗೆ ಬಡಿದು, "ನಿಮ್ಮ ಸಮಯ ಮುಗೀತು ಮೇಡಂ" ಎಂದಿದ್ದ. ತಮ್ಮನ ಹೆಂಡತಿಗೆ, ಮೇಡಂ! ಸಭೆಯೆಲ್ಲ ನಕ್ಕಿತ್ತು. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದವಳು, ಎಂದೂ ದನಿ ಎತ್ತದವಳು, ಆ ರಾತ್ರಿ ನಿದ್ದೆ ಮಾಡಲಿಲ್ಲ. ಶಾಲಾ ಮಂಡಳಿಗೆ ಒಬ್ಬನೇ ಎರಡೂ ಪಕ್ಷಗಳಿಂದ ನಿಲ್ಲಬಹುದಿತ್ತು, ಆ ಎರಡೂ ಟಿಕೆಟ್ಟು ಎಂದಿನಂತೆ ರಸೆಲ್‌ನ ಜೇಬಿನಲ್ಲೇ ಇತ್ತು. ಹಾಗಾಗಿ ಮನೆಮನೆ ತಿರುಗಿ ಸಹಿ ಕೂಡಿಸಿ, ತಮ್ಮ ವಾರ್ಡಿನ ಒಂದೇ ಒಂದು ಸ್ಥಾನಕ್ಕೆ ಸ್ವತಂತ್ರವಾಗಿ ನಿಂತಳು. ಶಾಲೆ ಉಳಿಯಬೇಕು ಎನ್ನುವವರಿಗೆ ಮಂಡಳಿಯಲ್ಲಿ ಒಬ್ಬರು ಕಡಿಮೆ ಇದ್ದರು. ಆ ಒಬ್ಬಳು ತಾನಾದರೆ ಶಾಲೆ ಉಳಿಯುತ್ತದೆ… ಅಷ್ಟೇ ಅವಳ ಲೆಕ್ಕ.

ಮರುದಿನ ಮತಗಟ್ಟೆ ಇದ್ದದ್ದು ಅಗ್ನಿಶಾಮಕ ಠಾಣೆಯಲ್ಲಿ. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಬಾಗಿಲ ಹೊರಗೆ ಚರ್ಚಿನ ಹೆಂಗಸರು ಗಸಗಸೆ ಸುರುಳಿ ರೊಟ್ಟಿ ಮಾರುತ್ತಿದ್ದರು. ರಸೆಲ್ ಹೋಗುವವರ ಬರುವವರ ಕೈ ಕುಲುಕುತ್ತ ನಿಂತಿದ್ದ.

"ಓಹೋ! ಕುರಿಯನ್ನ ತೋಳ ಕರ್ಕೊಂಡು ಬರ್ತಿದೆ!" ಎಂದು ಸುತ್ತಲಿನವರಿಗೆ ಕೇಳುವಂತೆ ನಕ್ಕ. "ಅಮ್ಮ, ನಾನು ಬರ್ತೀನಿ ಒಳಗೆ. ಇವಳ ಕೈಗೆ ಪೆನ್ನು ಕೊಡ್ತೀಯಾ?"

"ನೀನು ಸುಮ್ನಿರೋ. ನಿನ್ನ ಹೆಸರು ಇವಳ ಕೈಲೇ ಬರೆಸ್ತೀನಿ, ನೋಡು."

ಒಳಗೆ ಮೇಜಿನ ಹಿಂದಿದ್ದ ಮತಗಟ್ಟೆಯ ಅಧಿಕಾರಿ ಗ್ಲಾಡಿಸ್ ಕನ್ನಡಕ ಸರಿಮಾಡಿಕೊಂಡು ನಿಯಮದ ಪುಸ್ತಕ ಮಗುಚಿದಳು. "ಕಣ್ಣು ಕಾಣದವರು ತಮಗೆ ಬೇಕಾದವರ ಸಹಾಯ ತಗೋಬಹುದು… ನಿಂತಿರೋ ಅಭ್ಯರ್ಥಿ ಕೂಡ್ದು ಅಂತ ಇಲ್ಲೇನೂ ಇಲ್ಲಪ್ಪ. ವೆರೋನಿಕಾ, ನಿಜವಾಗ್ಲೂ ಇವಳೇ ಬೇಕಾ?"

"ಇವಳೇ. ಓಟು ನನ್ನ ಮಗನಿಗೆ! ಕೇಳಿಸ್ತಾ ಎಲ್ರಿಗೂ? ನನ್ನ ರಸೆಲ್‌ಗೆ!"

ಠಾಣೆಯ ತಗಡಿನ ಗೋಡೆಗೆ ಬಡಿದು ಆ ಮಾತು ತಿರುಗಿ ಬಂತು. ಯಾರೋ ಕಿಸಕ್ಕೆಂದರು. ಮೋರಾ ಕಿವಿಯವರೆಗೂ ಕೆಂಪಾಗಿ, ಅತ್ತೆಯ ತೋಳು ಹಿಡಿದು ರಟ್ಟಿನ ಮರೆಯ ಹಿಂದೆ ನಡೆಸಿಕೊಂಡು ಹೋದಳು. ಮತಪತ್ರದಲ್ಲಿ ಹೆಸರುಗಳ ಪಕ್ಕ ಶಾಯಿ ತುಂಬಬೇಕಾದ ಖಾಲಿ ಮೊಟ್ಟೆಯಾಕಾರಗಳು. ಅವಳು ಪೆನ್ನು ಎತ್ತಿದಳು.

ಆಗ… ಮುದುಕಿ ಬಾಗಿ ಅವಳ ಕಿವಿಗೆ ತುಟಿ ತಾಗಿಸಿದರು. ಬಿಸಿಯುಸಿರು.

"ನಿನ್ನ ಹೆಸರಿಗೆ ಹಾಕು."

ಕೇಳಿದ್ದು ನಿಜವೇ? ಮೋರಾ ಅತ್ತೆಯ ಮುಖ ನೋಡಿದಳು. ಪಟ್ಟಿ ಕಟ್ಟಿದ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. ಮದುವೆಯಾದ ಮೊದಲ ಕ್ರಿಸ್‌ಮಸ್ಸಿನ ನೆನಪಾಯಿತು. "ಆ ಬಿರುಕು ಬಿಟ್ಟ ತಟ್ಟೆ ಎಸೆದುಬಿಡೇ" ಎಂದು ಮೆಲ್ಲಗೆ ಹೇಳಿದವರು ಇವರೇ. ಊಟಕ್ಕೆ ಕುಳಿತಾಗ ಎಲ್ಲರೆದುರು "ನಮ್ಮಮ್ಮ ಹುಟ್ಟಿದ ದೇಶದಿಂದ ಕಡಲು ದಾಟಿಸಿ ತಂದ ತಟ್ಟೆ! ಕಸಕ್ಕೆ ಹಾಕಿದಳಲ್ಲಪ್ಪಾ!" ಎಂದು ಎದೆ ಬಡಿದುಕೊಂಡವರೂ ಇವರೇ. ಮಾವನ ಅಂತ್ಯಕ್ರಿಯೆಯ ದಿನ, "ಮಗು ಅಳ್ತಿದೆ, ಮನೆಗೆ ಕರ್ಕೊಂಡು ಹೋಗು" ಎಂದು ಬೆನ್ನು ಸವರಿ ಕಳಿಸಿ, ಸಂಜೆಯೊಳಗೆ "ಮಣ್ಣು ಮುಚ್ಚೋ ಮೊದಲೇ ಓಡಿದಳು" ಎಂದು ಬೀದಿಗೆಲ್ಲ ಹೇಳಿದ್ದರು. ಮೆಲ್ಲಗೆ ಹೇಳುವುದೊಂದು, ಗಟ್ಟಿಯಾಗಿ ಹೇಳುವುದೊಂದು! ಈಗ ತನ್ನ ಹೆಸರಿಗೆ ಹಾಕಿದ ಗಳಿಗೆಯಲ್ಲೇ "ಅಯ್ಯೋ, ನೋಡಿ ಏನು ಮಾಡಿದಳು!" ಎಂದು ಕೂಗಿದರೆ? ಊರೆಲ್ಲ ಕೇಳುವಂತೆ ಮಗನ ಹೆಸರು ಹೇಳಿದ್ದಾರೆ. ಬಾಗಿಲಲ್ಲಿ ರಸೆಲ್ ಕಾದಿದ್ದಾನೆ. ಕುರುಡಿ ಅತ್ತೆಯ ಓಟು ಕದ್ದ ಸೊಸೆ… ಪೊಲೀಸು, ಪತ್ರಿಕೆ, ಶಾಲೆಯಲ್ಲಿ ಟೆಸ್ಸಿಯ ಗೆಳತಿಯರು…

ಇಲ್ಲ. ಈ ಸಲ ಬೀಳುವುದಿಲ್ಲ!

ಅವಳು ರಸೆಲ್‌ನ ಹೆಸರಿನ ಪಕ್ಕದ ಖಾಲಿಯನ್ನು ಕಪ್ಪಾಗಿ, ಅಂಚು ಬಿಡದೆ ತುಂಬಿದಳು.

"ಆಯ್ತಾ?" ಎಂದರು ಅತ್ತೆ.

"ಆಯ್ತು ಅತ್ತೆ."

ವೆರೋನಿಕಾ ಅವಳ ಮಣಿಕಟ್ಟನ್ನು ಒಮ್ಮೆ ಬಿಗಿಯಾಗಿ ಹಿಸುಕಿದರು. ಬಲೆ ಹರಿದುಹೋದ ಸಿಟ್ಟು ಅದು ಎಂದುಕೊಂಡಳು ಮೋರಾ. ಗೆದ್ದವಳ ಹಾಗೆ ತಲೆಯೆತ್ತಿ ಹೊರಬಂದಳು.

ಅಂಚೆಯ ಓಟುಗಳೂ ಸೇರಿ ಎಣಿಕೆ ಮುಗಿಯುವಾಗ ಶುಕ್ರವಾರವಾಯಿತು. ಮೋರಾ ಸೋತಿದ್ದಳು. ಒಂದೇ ಒಂದು ಓಟಿನಿಂದ!

ರಸೆಲ್ ತಾಯಿಯ ಮನೆಗೆ ಬಂದವನು ಜಗಲಿಯಲ್ಲೇ ನಿಂತು ಕೂಗಿದ. "ಏನಮ್ಮಾ, ಸ್ವತಂತ್ರ ಅಭ್ಯರ್ಥಿ! ಅಮ್ಮನ ಓಟು ಕದ್ದೂ ಗೆಲ್ಲೋಕಾಗ್ಲಿಲ್ವಲ್ಲ! ಇನ್ನಾದ್ರೂ ಜನರ ಹಲ್ಲು ನೋಡ್ಕೊಂಡಿರು!"

"ಅಣ್ಣಾ, ಬಾಯಿ ಮುಚ್ಚು!" ಎಂದ ಡೆನಿಸ್. ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದ ಡೆನಿಸ್! ಅವನು ಬಾಗಿಲು ಹಾಕಿ ಹೆಂಡತಿಯ ಎದುರು ನಿಂತ. "ಅಮ್ಮನ ಓಟು ಏನಾಯ್ತು ಅಂತ ನಾನು ಕೇಳಲ್ಲ. ನೀನೂ ಹೇಳ್ಬೇಡ."

ಅಂದರೆ ಅವನಿಗೂ ಅನುಮಾನ! ಮೋರಾ ತಿರುಗಿ ಟೆಸ್ಸಿಯ ಕೋಟು ಮಡಚತೊಡಗಿದಳು.

ಶನಿವಾರ ಮಧ್ಯಾಹ್ನ ಡೆನಿಸ್ ಟೆಸ್ಸಿಯನ್ನು ಕರೆದುಕೊಂಡು ಹೊರಗೆ ಹೋಗಿದ್ದ. ಯಾರೋ ಕಾಲಿನಿಂದ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ವೆರೋನಿಕಾ! ಕಣ್ಣಿನ ಪಟ್ಟಿ ತೆಗೆದಿದ್ದರು. ಎರಡೂ ಕೈಯಲ್ಲಿ ಅಣಬೆ ಸಾರಿನ ಪಾತ್ರೆ, ಮೇಲೊಂದು ಬಟ್ಟೆ. ಈ ಹೊಸ್ತಿಲನ್ನು ಅವರು ತಾವಾಗಿ ತುಳಿದದ್ದು ಅದೇ ಮೊದಲು.

"ನೋಡ್ತಾ ನಿಂತಿರ್ತೀಯೋ, ಇಸ್ಕೊಳ್ತೀಯೋ? ಕೈ ಸುಡ್ತಿದೆ."

ಮೋರಾ ಪಾತ್ರೆ ಇಳಿಸಿದಳು. ಮುದುಕಿ ಮೇಜಿನ ಎದುರು ಕುಳಿತು ಸೊಸೆಯ ಮುಖವನ್ನು ಹೊಸ ಕಣ್ಣಿನಿಂದ ನೋಡಿದರು, ತುಂಬ ಹೊತ್ತು.

"ಸೊರಗಿದ್ದೀಯ. ಇಷ್ಟು ದಿನ ನನಗೆ ಕಂಡಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಎಣಿಸಿದೋರು ತಪ್ಪು ಮಾಡಿದ್ದಾರೆ ಕಣೇ. ಮತ್ತೆ ಎಣಿಸಿ ಅಂತ ಕೇಳು. ನನ್ನ ಓಟೇ ಎಲ್ಲೋ ಬಿದ್ದುಹೋಗಿರ್ಬೇಕು."

"ಯಾವ… ಓಟು ಅತ್ತೆ?"

"ಯಾವ ಓಟು ಅಂತೀಯಲ್ಲ! ನಿನಗೆ ಕೊಟ್ಟ ಓಟು!"

ಮೋರಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಮತ್ಯಾಕೆ ನಿನ್ನನ್ನೇ ಕರ್ಕೊಂಡು ಹೋದೆ ಅಂದ್ಕೊಂಡೆ? ರಸೆಲ್ ಕೈಲಿ ನಿನ್ನ ಹೆಸರಿಗೆ ಹಾಕಿಸೋಕಾಗುತ್ತಾ? ಡೆನಿಸ್ ಕೈಲಿ ಹಾಕಿಸಿದ್ರೆ ಅವನು ಸಂಜೆಯೊಳಗೆ ಅಣ್ಣನಿಗೆ ಒದರ್ತಾನೆ. ಅದಕ್ಕೇ ಊರಿಗೆಲ್ಲ ಕೇಳೋ ಹಾಗೆ ಕೂಗಿದ್ದು. ನಿನ್ನ ಕಿವಿಯಲ್ಲಿ ಮಾತ್ರ ನಿಜ ಹೇಳ್ದೆ." ಪಾತ್ರೆಯ ಮೇಲಿನ ಬಟ್ಟೆಯನ್ನು ತೆಗೆದು ಮಡಚಿಟ್ಟರು. "ಆರು ವರ್ಷಕ್ಕೆ ನಾನು ಆ ಶಾಲೆಗೆ ಹೋದಾಗ ನಮ್ಮ ಮನೆಯ ಸ್ಲೋವಾಕ್ ಬಿಟ್ಟು ಬೇರೆ ಮಾತು ಬರ್ತಿರ್ಲಿಲ್ಲ. ಹೊರಗೆ ಹೋಗ್ಬೇಕು ಅಂತ ಕೇಳೋಕೂ ಗೊತ್ತಾಗ್ದೆ ಬೆಂಚಿನ ಮೇಲೇ… ಟೀಚರು ಬೈಲಿಲ್ಲ ಕಣೇ. ನನ್ನ ಕಾಲುಚೀಲ ತೊಳೆದು ಕೋಣೆ ಬಿಸಿಮಾಡೋ ಕೊಳವೆ ಮೇಲೆ ಒಣಗಿಸಿ, ತಾವೇ ಮಂಡಿಯೂರಿ ಹಾಕಿದ್ರು. ಬೆಟ್ಟದಾಚೆಯ ಆ ಕಾರ್ಖಾನೆಯಂಥ ಶಾಲೆಯಲ್ಲಿ ನನ್ನ ಟೆಸ್ಸಿಗೆ ಯಾರು ಹಾಗೆ ಮಾಡ್ತಾರೆ? ಈ ಮಾತು ಸಭೆಯಲ್ಲಿ ಎದ್ದು ಕೇಳಿದೋಳು ನೀನೊಬ್ಳೇ. ನನಗೆ ಧೈರ್ಯ ಬರ್ಲಿಲ್ಲ."

"ಅತ್ತೆ…"

"ಹೆತ್ತ ಮಗನಿಗೇ ದ್ರೋಹ ಮಾಡಿದೀನಿ. ಇವತ್ತು ಸಂಜೆ ಪಾದ್ರಿಗಳ ಹತ್ರ ಪಾಪನಿವೇದನೆಗೆ ಹೋಗ್ತೀನಿ. ಆದ್ರೆ ಪಶ್ಚಾತ್ತಾಪ ಇಲ್ಲ ಕಣೇ. ಇಷ್ಟು ವರ್ಷ ನಿನಗೆ ಒಂದು ಒಳ್ಳೆ ಮಾತು ಕೊಡ್ಲಿಲ್ಲ, ಒಂದು ಓಟಾದ್ರೂ ಕೊಟ್ಟೆ." ಸಟ್ಟನೆ ಮುಂದೆ ಬಾಗಿ ಸೊಸೆಯ ಕೈ ಹಿಡಿದರು. "ನಾನು ಹೇಳಿದ ಹಾಗೇ ಹಾಕಿದೆ ತಾನೆ? ನನಗೆ ಕಾಣಿಸ್ತಿರ್ಲಿಲ್ಲ."

ಒಂದು ಓಟು! ಆ ಕಡೆ ಬಿದ್ದದ್ದು ಈ ಕಡೆ ಬಿದ್ದಿದ್ದರೆ… ಶಾಲೆ ಉಳಿಯುತ್ತಿತ್ತು. ಗೆಲುವನ್ನು ತಂದು ಕೈಯಲ್ಲೇ ಇಟ್ಟಿದ್ದರು. ಬಲೆ ಎಂದುಕೊಂಡು ತಾನೇ ಕಪ್ಪು ಬಳಿದು ಕೊಟ್ಟುಬಿಟ್ಟಿದ್ದಳು! ಹೇಳಿಬಿಡಲೇ? "ನಿಮ್ಮನ್ನು ನಂಬಲಿಲ್ಲ ಅತ್ತೆ, ನಂಬುವ ಹಾಗೆ ನೀವು ಎಂದೂ ನಡೆದುಕೊಳ್ಳಲಿಲ್ಲ" ಎಂದು? ಒಂದೇ ಮಾತು ಸಾಕು, ಹನ್ನೆರಡು ವರ್ಷದ ಕಣ್ಣೀರಿನ ಬಾಕಿಯೆಲ್ಲ ತೀರುತ್ತದೆ. ಆದರೆ ಶಾಲೆ ಮುಚ್ಚುವುದು ತನ್ನದೇ ನಾಲಗೆಯಿಂದ ಎಂದು ತಿಳಿದು ಈ ಮುದುಕಿ ಇನ್ನೆಷ್ಟು ದಿನ ಬದುಕಬೇಕು? ತನ್ನ ಕೈ ಹಿಡಿದಿದ್ದ ಕೈಯನ್ನು ನೋಡಿದಳು. ಪಾತ್ರೆಯ ಬಿಸಿಗೆ ಆ ಅಂಗೈ ಇನ್ನೂ ಕೆಂಪಾಗಿತ್ತು.

"ನೀವು ಹೇಳಿದ ಹಾಗೇ ಹಾಕಿದೆ ಅತ್ತೆ."

"ಹಾಗಾದ್ರೆ ಮತ್ತೆ ಎಣಿಸಿ ಅನ್ನು!"

"ಬೇಡ. ಸರಿಯಾಗೇ ಎಣಿಸಿದ್ದಾರೆ. ಬೇರೆ ಯಾರೋ ಒಬ್ರು… ಮನಸ್ಸು ಬದಲಾಯಿಸಿರ್ಬೇಕು."

"ಯಾರೋ ಹೇಡಿ!" ಎಂದರು ವೆರೋನಿಕಾ, ಕಣ್ಣೊರೆಸಿಕೊಳ್ಳುತ್ತ.

"ಹೂಂ ಅತ್ತೆ. ಯಾರೋ ಹೇಡಿ."

ಮುದುಕಿ ಎದ್ದು ಕಪಾಟು ತಡಕಿ ಬಟ್ಟಲು ತೆಗೆದು, ಸಾರು ಬಡಿಸಿ ಸೊಸೆಯ ಮುಂದೆ ತಳ್ಳಿದರು. ಸಂಜೆ ಅವರು ಮಂಡಿಯೂರಿ, ಮಾಡದೇ ಹೋದ ಪಾಪಕ್ಕೆ ಕ್ಷಮೆ ಕೇಳುತ್ತಾರೆ, ಸಿಕ್ಕೂ ಸಿಗುತ್ತದೆ. ತಾನು ಮಾತ್ರ ಪಾದ್ರಿಗೂ ಹೇಳುವಂತಿಲ್ಲ. ಡೆನಿಸ್‌ಗಂತೂ ಇಲ್ಲ, ಅವನು ತನ್ನನ್ನು ಕಳ್ಳಿ ಎಂದೇ ತಿಳಿದುಕೊಂಡರೂ ಸರಿ. ಮುಂದೊಂದು ದಿನ ಬೆಟ್ಟದ ಬಸ್ಸು ಹತ್ತುವಾಗ ಟೆಸ್ಸಿ ಏಕಮ್ಮಾ ಎಂದು ಕೇಳಿದರೆ, ಅವಳಿಗೂ ಇಲ್ಲ.

"ತಿನ್ನೇ, ಆರಿಹೋಗುತ್ತೆ" ಎಂದರು ಅತ್ತೆ.

ಮೋರಾ ಚಮಚ ಎತ್ತಿಕೊಂಡಳು.