ಖಾಲಿ ಕೊಡಬಾರದ ಫ್ಲಾಸ್ಕ್

1996ರ ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 9.20. ದೋಹಾದ ಮದೀನತ್ ಖಲೀಫಾ ಠಾಣೆಗೆ ಬಂದ ನಿಶ್ಮಿತಾ ಕುರ್ಚಿ ಕೊಟ್ಟರೂ ಕೂರಲಿಲ್ಲ. ಇನ್ಸುಲಿನ್ ತಪ್ಪದೆ ಚುಚ್ಚಿಕೊಂಡರೂ ಗಂಡ ಯಜ್ಞೇಶ್ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ್ದಾರೆ, ಯಾರೋ ಬೇಕೆಂದೇ ಮಾಡಿದ್ದಾರೆ ಎಂಬುದು ಅವಳ ದೂರು. ಊರಿನ ಬಡ ರೋಗಿಗಳಿಗೆ ಉಚಿತ ಔಷಧಿ ಕಳುಹಿಸುವ ಸಂಘಕ್ಕೆ ಯಜ್ಞೇಶ್ ಅಧ್ಯಕ್ಷರು. ಅಂಥವರಿಗೂ ವೈರಿಗಳೇ? ಇರುತ್ತಾರೆ, ಧಾರಾಳವಾಗಿ ಇರುತ್ತಾರೆ.

ಇನ್‌ಸ್ಪೆಕ್ಟರ್ ಹಿಶಾಮ್ ಕತಾರಿನವರು. ಅವರ ಅರಬಿಯನ್ನು ಕನ್ನಡಕ್ಕೆ ತಿರುಗಿಸುತ್ತಿದ್ದವನು ಉಳ್ಳಾಲದ ಯಾಕೂಬ್, ಠಾಣೆಯ ದುಭಾಷಿ. ನಮ್ಮಲ್ಲಿ ಎಫ್‌ಐಆರ್ ಎನ್ನುವುದನ್ನು ಮುಗಿಸಿ 10.45ಕ್ಕೆ ಇಬ್ಬರೂ ಅವಳ ಮನೆ ತಲುಪಿದರು. ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಬಾಟಲಿಯ ಅವಧಿ 1998ರವರೆಗೆ ಎಂದಿತ್ತು. ಹಿಶಾಮ್ ಉಗುರಿನಿಂದ ಕೆರೆದರು. ಮೇಲೆ ಅಂಟಿಸಿದ್ದ ಚೀಟಿ ಎದ್ದು ಬಂತು, ಅದರಡಿ 1994. ಎರಡು ವರ್ಷದ ಹಿಂದೆಯೇ ಅವಧಿ ಮುಗಿದು ಸತ್ವ ಕಳೆದುಕೊಂಡ ಔಷಧಿ. ಪಂಚನಾಮೆಗೆ ಬಾಟಲಿ ಸೇರಿತು.

"ಕೊಟ್ಟದ್ದು ಯಾರು?"

"ಗೊತ್ತಿಲ್ಲ. ಫ್ಲಾಸ್ಕಿನಲ್ಲಿ ಐಸ್ ಹಾಕಿ ನಮ್ಮ ಇವರೇ ತಂದರು."

"ಆ ಫ್ಲಾಸ್ಕ್?"

"ಒಳಗುಂಟು ಅಣ್ಣ. ಖಾಲಿ ಹೇಗೆ ವಾಪಸ್ ಕೊಡುವುದು? ಪಾಯಸ ಮಾಡಿದ ದಿನ ತುಂಬಿಸಿ ಕೊಡುವ ಅಂತ ಇಟ್ಟದ್ದು."

ಯಾಕೂಬ್ ಫ್ಲಾಸ್ಕನ್ನು ತಿರುಗಿಸಿದ. ಊರಿನ ಹೆಂಗಸರು ಚೆಂಬಿಗೂ ಹೆಸರು ಹಾಕದೆ ಬಿಡುವವರಲ್ಲ. ಅಡಿಯಲ್ಲಿ ನೈಲ್ ಪಾಲಿಶ್‌ನಿಂದ ಬರೆದಿತ್ತು: ಹರಿಣಾಕ್ಷಿ. ಸಂಘದ ಕಾರ್ಯದರ್ಶಿ.

ಮಧ್ಯಾಹ್ನ ಸಂಘದ ಕೋಣೆ ತೆರೆಸಿದಾಗ ಅದೇ ಚೀಟಿಯ ಔಷಧಿ ಮೂವತ್ತು ಪೆಟ್ಟಿಗೆ ಸಿಕ್ಕಿತು. ಕಪಾಟಿನಲ್ಲಿದ್ದ ಸಂಘದ ಪರವಾನಗಿ ಪತ್ರವನ್ನು ಹಿಶಾಮ್ ಜೊತೆಗೆ ತೆಗೆದುಕೊಂಡರು. 2.10ಕ್ಕೆ ಅಲ್ ವಕ್ರಾದಲ್ಲಿ ಬಾಗಿಲು ತೆರೆದ ಹರಿಣಾಕ್ಷಿ ಬ್ಯಾಗು ತುಂಬಿಸಿ, ಕರೆದೊಯ್ಯಲು ಬರುವವರನ್ನೇ ಕಾಯುತ್ತಿದ್ದವಳಂತೆ ಸಿದ್ಧವಾಗಿದ್ದಳು.

"ಚೀಟಿ ಅಂಟಿಸಿದ್ದು ನೀವಾ?"

"ಅಲ್ಲ, ಯಜ್ಞೇಶಣ್ಣ. ಇಷ್ಟು ಪೆಟ್ಟಿಗೆ ಕಳಿಸಿದೆ ಅಂತ ಸ್ಟೇಜಿನಲ್ಲಿ ಹಾರ ಹಾಕಿಸಿಕೊಳ್ಳುವ ಹುಚ್ಚು ಅವರಿಗೆ. ಮೇ ತಿಂಗಳಲ್ಲಿ ಕಣ್ಣಾರೆ ನೋಡಿದೆ. ಕೇಳಿದ್ದಕ್ಕೆ, ಹಳೆಯದಾದರೆ ಎಂತ, ಏನೂ ಆಗುವುದಿಲ್ಲ ಅಂದರು."

ಹಿಶಾಮ್ ಪತ್ರವನ್ನು ಮುಂದಿಟ್ಟರು. ಸಂಘದಲ್ಲಿ ಅಕ್ರಮದ ಸಂಶಯ ಬಂದರೆ ಪದಾಧಿಕಾರಿ ಏಳು ದಿನದೊಳಗೆ ಅಧಿಕಾರಿಗಳಿಗೆ ತಿಳಿಸಬೇಕು ಎಂಬ ಷರತ್ತು. ಕೆಳಗೆ ಅವಳದೇ ಸಹಿ.

"ಯಾಕೆ ತಿಳಿಸಲಿಲ್ಲ?"

"ಊರವರ ಮರ್ಯಾದೆ ಹೋಗ್ತದೆ ಅಂತ ಬಾಯಿ ಮುಚ್ಚಿ ಕೂತೆ. ಆಗಸ್ಟಿನಲ್ಲಿ ಊರಲ್ಲಿ ನನ್ನ ತಂಗಿ ಸಂಘದ ಔಷಧಿ ಶಿಬಿರದ ಸಾಲಿನಲ್ಲಿ ನಿಂತು ಅದೇ ಇನ್ಸುಲಿನ್ ತಂದಳು, ನನಗೆ ಹೇಳದೆ. ಪೂವಕ್ಕ ಅಂತ ಪಟ್ಟಿಯಲ್ಲಿ ಹೆಸರುಂಟು, ನೋಡಿ. ನನ್ನ ಅಮ್ಮ. ಹನ್ನೊಂದೇ ದಿನ ಬದುಕಿದ್ದು." ಅವಳು ಪತ್ರವನ್ನು ಹಿಶಾಮ್ ಕಡೆಗೆ ತಳ್ಳಿದಳು. "ಏನೂ ಆಗುವುದಿಲ್ಲ ಅಂದಿದ್ದರಲ್ಲ? ಈ ತಿಂಗಳು, ಅಂಗಡಿಯ ಹೊಸದು ಅಂತ ಹೇಳಿ, ಅವರಿಗೂ ಅದನ್ನೇ ಕೊಟ್ಟೆ. ಕೊಡುವಾಗ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ."

3.30ಕ್ಕೆ ಅವಳನ್ನು ಬಂಧಿಸಲಾಯಿತು. ಠಾಣೆಗೆ ಬಂದಾಗ ಆಸ್ಪತ್ರೆಯಿಂದ ಫೋನ್: ಯಜ್ಞೇಶ್ ಕಣ್ಣು ಬಿಟ್ಟಿದ್ದರು. ಹಿಶಾಮ್ ಯಜ್ಞೇಶರ ಮಂಚದ ಬಳಿಗೂ ಒಬ್ಬ ಪೊಲೀಸನನ್ನು ಕಳುಹಿಸಿದರು.

"ಬದುಕಿದರಾ? ಬದುಕಲಿ," ಎಂದಳು ಹರಿಣಾಕ್ಷಿ. "ಆ ಮೂವತ್ತು ಪೆಟ್ಟಿಗೆಗೆ ಉತ್ತರ ಕೊಡಲಿಕ್ಕೆ ಜನ ಬೇಕಲ್ಲ."

ಯಾಕೂಬ್ ಹೇಳಿಕೆ ಬರೆಯತೊಡಗಿದ. ಅಕ್ಟೋಬರ್ ಎಂದು ಬರೆಯುವಷ್ಟರಲ್ಲಿ ಅವಳು ಅವನ ಪೆನ್ನಿಗೆ ಕೈ ಅಡ್ಡ ಇಟ್ಟಳು.

"ಅದು ಆಮೇಲೆ ಯಾಕೂಬಣ್ಣ. ಮೊದಲು ಮೇ ತಿಂಗಳದ್ದು ಬರೆಯಿರಿ. ಹರಿಣಾಕ್ಷಿಗೆ ಗೊತ್ತಿತ್ತು, ತಿಳಿಸಲಿಲ್ಲ ಅಂತ."