ಇದ್ದೀರಾ?

ನನ್ನ ಬಾಯಿ ದೊಡ್ಡದು ಅಂತ ನಮ್ಮವ್ವ ಹೇಳುವುದರಲ್ಲಿ ಸುಳ್ಳೇನಿಲ್ಲ. ಚೇತನ್‌ಕುಮಾರ್ ಜೊತೆ ನಾನು ಆಡಿದ ಮೊದಲ ಮಾತೇ ಬೈಗುಳ. ಅದೂ ಫೋನಿನಲ್ಲಿ, ಮುಖ ಕೂಡ ನೋಡದೆ.

"ರೀ, ನಮ್ಮ ಅಧಿವೇಶನ ಮುಗೀತಂತೆ ಕಣ್ರೀ. ನಾವೇನು ಎಂಎಲ್‌ಎಗಳಾ?"

ಆ ಕಡೆಯಿಂದ ಸದ್ದಿಲ್ಲ.

"ಇದೀರೇನ್ರೀ ಲೈನಲ್ಲಿ?"

"ಇದೀನಿ ಮೇಡಂ. ಕೇಳ್ತಾ ಇದೀನಿ."

ಅಷ್ಟೇ. ಬೈಸಿಕೊಂಡವನು ಒಂದು ಮಾತು ತಿರುಗಿ ಹೇಳಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಫೋನ್ ಇಟ್ಟಮೇಲೂ ಸಿಟ್ಟು ಇಳಿಯಲಿಲ್ಲ.

ಹುಣಸೂರಿನಲ್ಲಿ ನಮ್ಮ ರೈತ ಸಂಘದ ಬಾಡಿಗೆ ಯಂತ್ರ ಕೇಂದ್ರವಿದೆ. ರೋಟವೇಟರ್, ಪವರ್ ಟಿಲ್ಲರ್, ನಾಟಿ ಯಂತ್ರ ಬೇಕಾದವರು ನನ್ನ ಕೌಂಟರಿಗೆ ಬಂದು ದಿನ ಗೊತ್ತುಮಾಡಿಕೊಂಡು ಹೋಗುತ್ತಾರೆ. ಮೊದಲು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದೆ. ಈ ವರ್ಷ ಅದನ್ನು ವೆಬ್‌ಸೈಟ್ ಮಾಡಿದರು. ಬೆಳಿಗ್ಗೆ ಲಾಗಿನ್ ಆಗಿ ರೈತರ ಹೆಸರು, ಊರು, ಯಂತ್ರ, ದಿನ ತುಂಬಬೇಕು. ಕೊನೆಗೆ 'ಷರಾ' ಅನ್ನುವ ದೊಡ್ಡ ಚೌಕದಲ್ಲಿ ಏನಾದರೂ ವಿಶೇಷವಿದ್ದರೆ ಬರೆದು ಸೇವ್ ಒತ್ತಬೇಕು. ಆದರೆ ಹತ್ತು ನಿಮಿಷ ಕೀಬೋರ್ಡ್ ಮುಟ್ಟದಿದ್ದರೆ ಸಿಸ್ಟಂ ನಮ್ಮನ್ನು ಹೊರಗೆ ಹಾಕಿ, ಬರೆದದ್ದನ್ನೆಲ್ಲ ನುಂಗಿ, ಕೆಂಪಕ್ಷರದಲ್ಲಿ ಹೇಳುತ್ತಿತ್ತು: ನಿಮ್ಮ ಅಧಿವೇಶನ ಮುಕ್ತಾಯಗೊಂಡಿದೆ.

ನಮ್ಮ ಸೀಮೆಯಲ್ಲಿ ಹತ್ತು ನಿಮಿಷಕ್ಕೆ ಯಾರು ವಿಷಯಕ್ಕೆ ಬರುತ್ತಾರೆ ಹೇಳಿ. ಚಿಕ್ಕಸಿದ್ದಮ್ಮಜ್ಜಿಯನ್ನೇ ನೋಡಿ. ರೋಟವೇಟರ್ ಕೇಳಲು ಬಂದ ಅಜ್ಜಿ ಮೊದಲು ಹಸು ಕರು ಹಾಕಿದ್ದು, ಕರುವಿನ ಹಣೆಯ ಮೇಲೆ ಬಿಳಿ ಮಚ್ಚೆ ಇರುವುದು, ಅದನ್ನು ನೋಡಲು ಮಗಳು ಬುಧವಾರ ಬರುವುದು, ಎಲ್ಲ ಹೇಳಿ, "ಅಂಗಾಗಿ ಕಣವ್ವ, ಬುಧವಾರ ಮಿಷಿನ್ ಬ್ಯಾಡ" ಅನ್ನುವ ಹೊತ್ತಿಗೆ ಕಾಲು ಗಂಟೆ. ನಡುವೆ ಟೈಪ್ ಮಾಡಿದರೆ ಬೇಜಾರು. "ನಾನೇಳೋದ ಕೇಳ್ತಿದ್ದೀಯೋ, ಇಲ್ಲಾ ಟಕಟಕ ಕುಟ್ತಾ ಕುಂತಿದ್ದೀಯೋ?"

ಒಂದು ಉಪಕಾರವನ್ನು ಮಾತ್ರ ಒಪ್ಪಿಕೊಳ್ಳಬೇಕು. ಸಿಟ್ಟು ಬಂದಾಗ ಆ ಷರಾ ಚೌಕದಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದು ಸುಮ್ಮನೆ ಕೂರುತ್ತಿದ್ದೆ. ನಮ್ಮ ಮ್ಯಾನೇಜರ್ ಗೋವಿಂದಯ್ಯ ಸಾರ್ ಬಗ್ಗೆ, ತಪ್ಪಿದ ಬಸ್ಸಿನ ಬಗ್ಗೆ. ಹತ್ತು ನಿಮಿಷಕ್ಕೆ ಎಲ್ಲ ಅಳಿಸಿಹೋಗುತ್ತಿತ್ತು. ಮನಸ್ಸು ಹಗುರಾಗುತ್ತಿತ್ತು, ಸಾಕ್ಷಿ ಉಳಿಯುತ್ತಿರಲಿಲ್ಲ.

ಬೈದ ಮರುದಿನ ಸಾಲಿನಲ್ಲಿ ಒಂದು ಹೊಸ ಮುಖ ನಿಂತಿತ್ತು. ತೋಳು ಮಡಚಿದ ನೀಲಿ ಅಂಗಿ, ಬೆನ್ನಿಗೆ ಬ್ಯಾಗು. ಅರ್ಧ ಗಂಟೆ ಯಾರನ್ನೂ ತಳ್ಳದೆ, ಫೋನೂ ನೋಡದೆ, ಅಜ್ಜಿಯ ಕರುವಿನ ಕಥೆಯನ್ನು ಪೂರ್ತಿ ಕೇಳಿದ. ನಡುವೆ ಒಮ್ಮೆ ನನ್ನ ಕಡೆ ನೋಡಿದಾಗ ಅವನ ತುಟಿಯ ಒಂದೇ ಒಂದು ತುದಿ ನಕ್ಕಿತು. ನಾನು ಮಾನಿಟರ್ ಹಿಂದಕ್ಕೆ ಸರಿದೆ. ಸ್ವಲ್ಪ ಹೊತ್ತು ಬಿಟ್ಟು ಇಣುಕಿದರೆ ಅವನಿನ್ನೂ ಈ ಕಡೆಗೇ ನೋಡುತ್ತಿದ್ದ.

ಅವನ ಸರದಿ ಬಂತು.

"ಯಾವೂರು?"

"ಬಿಳಿಕೆರೆ."

"ಯಾವ ಮೆಷಿನ್ ಬೇಕಿತ್ತು?"

"ಯಾವ್ದೂ ಬೇಡ. ಈ ವೆಬ್‌ಸೈಟ್ ಮಾಡಿದವ್ನು ನಾನೇ. ನಿನ್ನೆ ಬೈದ್ರಲ್ಲ."

ನನ್ನ ಕಿವಿ ಬಿಸಿಯಾಯಿತು. ಹಿಂದೆ ಕೂತಿದ್ದ ಗೋವಿಂದಯ್ಯ ಸಾರ್ ಕೆಮ್ಮುವ ನೆಪದಲ್ಲಿ ನಕ್ಕರು.

ಚೇತನ್ ಸ್ಟೂಲ್ ಎಳೆದುಕೊಂಡು ಕೂತ. ಹತ್ತು ನಿಮಿಷ ಯಾಕೆ ಅಂತ ನಿಧಾನವಾಗಿ ಬಿಡಿಸಿ ಹೇಳಿದ. ಒಮ್ಮೆ ಲಾಗಿನ್ ಆದಮೇಲೆ ಸಿಸ್ಟಂ ನಮ್ಮನ್ನು ನೆನಪಿಟ್ಟುಕೊಂಡಿರುವಷ್ಟು ಹೊತ್ತಿಗೆ ಸೆಷನ್ ಅನ್ನುತ್ತಾರಂತೆ. ಗೂಗಲ್‌ಗೆ ಕೊಟ್ಟರೆ ಅದನ್ನೇ ಅಧಿವೇಶನ ಅಂತ ಕನ್ನಡ ಮಾಡಿಬಿಟ್ಟಿತ್ತು.

"ನೀವು ಊಟಕ್ಕೆ ಎದ್ದು ಹೋದ್ರಿ ಅನ್ಕೊಳಿ. ಯಾರಾದ್ರೂ ಬಂದು ಕೂತು, ನಿಮ್ಮ ಲಾಗಿನ್ನಲ್ಲೇ ಬುಕಿಂಗ್ ಬದಲಾಯಿಸಿಬಿಟ್ರೆ? ಅದಕ್ಕೇ ಕೀಬೋರ್ಡ್ ಸುಮ್ನಿದ್ರೆ ಆಳಿಲ್ಲ ಅಂತ ಲೆಕ್ಕ."

"ಕೀಬೋರ್ಡ್ ಸುಮ್ನಿದ್ರೆ ಆಳಿಲ್ಲ ಅಂತಲ್ಲ ಕಣ್ರೀ. ಎದುರಿಗಿರೋರ ಮಾತು ಕೇಳ್ತಾ ಇದಾರೆ ಅಂತ."

ಅವನು ನನ್ನನ್ನೇ ನೋಡಿದ. ಆಮೇಲೆ ಬ್ಯಾಗಿನಿಂದ ಪುಸ್ತಕ ತೆಗೆದು, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಇದುವರೆಗೆ ನನ್ನ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ.

ಅಲ್ಲಿಂದ ಮೂರು ವಾರ, ಸೋಮವಾರಕ್ಕೊಮ್ಮೆ ಗುರುವಾರಕ್ಕೊಮ್ಮೆ, ಬಿಳಿಕೆರೆಯಿಂದ ಬೈಕಿನಲ್ಲಿ ಬರುತ್ತಿದ್ದ. ನಾನೂ ಪ್ರಿಂಟರ್ ಓಡುತ್ತಿಲ್ಲ, ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ಪ್ರತಿ ಸಲ ಒಂದು ಕಂಪ್ಲೇಂಟ್ ಹೇಳುತ್ತಿದ್ದೆ. ಹೊರಗೆ ಹಾಕುವ ಮುಂಚೆ ಸಿಸ್ಟಂ ಒಂದು ಮಾತು ಕೇಳಬೇಕು ಅಂತ ತೀರ್ಮಾನವಾಯಿತು. ಏನಂತ ಕೇಳಬೇಕು ಅನ್ನುವುದಕ್ಕೇ ಒಂದು ಮಧ್ಯಾಹ್ನ ಹೋಯಿತು.

"'ನೀವು ಮುಂದುವರಿಯಲು ಇಚ್ಛಿಸುವಿರಾ?' ಅಂತ ಹಾಕ್ಲಾ?"

"ಬುಡಿ ಅತ್ಲಾಗೆ. ಯಾರ್ರೀ ಅಂಗೆ ಮಾತಾಡ್ತಾರೆ? 'ಇದ್ದೀರಾ?' ಅಂತ ಕೇಳಿ ಸಾಕು."

"ಬಟನ್ ಮೇಲೆ?"

"'ಇದ್ದೀನಿ.'"

ಅವನು ಅದನ್ನು ಬಾಯಲ್ಲೇ ಒಮ್ಮೆ ಹೇಳಿ ನೋಡಿದ. "ಇದ್ದೀರಾ? ಇದ್ದೀನಿ." ತಲೆ ಎತ್ತಿದಾಗ ನಮ್ಮಿಬ್ಬರ ನಡುವೆ ಒಂದು ಗೇಣು ಜಾಗವಿತ್ತು. ಅವನ ರೆಪ್ಪೆ ಅಷ್ಟು ಉದ್ದ ಅಂತ ನನಗೆ ಗೊತ್ತಾದದ್ದು ಆಗಲೇ.

ಚಿಕ್ಕಸಿದ್ದಮ್ಮಜ್ಜಿಯೂ ಗಮನಿಸಿತ್ತು. "ಸಂಗಮಿತ್ರವ್ವ, ಈ ಉಡುಗ ಮಿಷಿನ್ ರಿಪೇರಿ ಮಾಡಾಕೆ ಬತ್ತಾನೋ, ನಿನ್ ಮಕ ನೋಡಾಕೆ ಬತ್ತಾನೋ?"

"ರಿಪೇರಿಗೇ ಅಜ್ಜಿ."

"ಅಂಗಾದ್ರೆ ಕ್ಯಾಮೆ ಬರಾಕಿಲ್ಲ ಅವನ್ಗೆ. ಮೂರ್ ವಾರ ಆಯ್ತು."

ಅವನು ಬಗ್ಗಿ ಮೇಜಿನ ಕೆಳಗಿನ ವೈರುಗಳನ್ನು ಜೋಡಿಸುತ್ತಿದ್ದ. ಹಿಂದಿನಿಂದ ಕಾಣುತ್ತಿದ್ದ ಕತ್ತು ಕೆಂಪಾಯಿತು. ನನಗೆ ಎಂಥ ಖುಷಿಯಾಯಿತೆಂದರೆ ಆ ದಿನ ಮೂರು ಜನರ ಊರಿನ ಹೆಸರು ತಪ್ಪು ಬರೆದೆ.

ಕೊನೆಯ ಕೆಲಸವೊಂದು ಉಳಿದಿತ್ತು. ಅಕಸ್ಮಾತ್ ಯಾರೂ 'ಇದ್ದೀನಿ' ಒತ್ತದೆ ಸೆಷನ್ ಮುಗಿದರೂ ಅರ್ಧ ಬರೆದ ಫಾರಂ ಅಳಿಸಿಹೋಗಬಾರದು, ಮುಂದಿನ ಸಲ ಲಾಗಿನ್ ಆದಾಗ ತಾನೇ ಎದುರಿಗೆ ಬರಬೇಕು. ಅದನ್ನು ಕೇಳಿದವಳು ನಾನೇ. ಸೋಮವಾರದೊಳಗೆ ಮಾಡುತ್ತೇನೆ, ಅಲ್ಲಿಗೆ ಎಲ್ಲ ಮುಗಿಯಿತು ಅಂತ ಗುರುವಾರ ಹೇಳಿದ.

"ಆಮೇಲೆ ಈ ಕಡೆ ಬರೋದೇ ಇಲ್ವಾ?" ಎಂದು ಕೇಳಿಬಿಟ್ಟೆ. ಎಷ್ಟು ಹಗುರವಾಗಿ ಕೇಳಬೇಕೆಂದುಕೊಂಡರೂ ದನಿ ಕೈಕೊಟ್ಟಿತು.

ಅವನು ಚಾರ್ಜರಿನ ವೈರನ್ನು ಸುತ್ತುತ್ತಿದ್ದ. ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ನಾನು ಕಾದೆ.

"ಕೆಲಸ ಇದ್ರೆ ಬತ್ತೀನಿ," ಅಂತ ಹೇಳಿ ಬ್ಯಾಗ್ ಏರಿಸಿಕೊಂಡು ಹೊರಟುಹೋದ.

ಕೆಲಸ ಇದ್ದರೆ ಬರುವುದಕ್ಕೆ ಇವನೇ ಬೇಕಾ?

ಶುಕ್ರವಾರ ನಾಲ್ಕು ಗಂಟೆಗೆ ಕೌಂಟರ್ ಖಾಲಿಯಾಯಿತು. ಹಳೆಯ ಚಾಳಿ, ಸೋಮವಾರದವರೆಗೆ ಬರೆದದ್ದು ಹೇಗೂ ಅಳಿಸಿಹೋಗುತ್ತದಲ್ಲ. ಹೊಸ ಫಾರಂ ತೆಗೆದು ಷರಾ ಚೌಕದಲ್ಲಿ ಬರೆದೆ: 'ಚೇತನ್‌ಕುಮಾರ್ ಅವರೇ, ಈಚೆಗೆ ನಾನು ಹೇಳಿದ ಕಂಪ್ಲೇಂಟುಗಳಲ್ಲಿ ಅರ್ಧ ಸುಳ್ಳು. ಪ್ರಿಂಟರ್ ಕೇಬಲ್ ಕಿತ್ತಿಟ್ಟಿದ್ದು ನಾನೇ. ಗುರುವಾರ ಬಂದರೆ ಬುಧವಾರದಿಂದಲೇ ಯಾವ ಬಟ್ಟೆ ಹಾಕಲಿ ಎಂದು ಯೋಚಿಸುತ್ತೇನೆ. ನಿಮ್ಮನ್ನು ಪ್ರೀತಿಸುತ್ತಿದ್ದೇನೆ. ನಿಮಗೆ ಕೆಲಸ ಮಾತ್ರ ಕಾಣುತ್ತದೆ.' ಬರೆದು ಬಾಟಲಿಗೆ ನೀರು ತುಂಬಿಕೊಂಡು, ಹೊರಗೆ ಒಂದು ಸುತ್ತು ಹೋಗಿ ಬಂದೆ. ಸೆಷನ್ ಮುಗಿದಿತ್ತು. ನಿಟ್ಟುಸಿರು ಬಿಟ್ಟು, ಕಂಪ್ಯೂಟರ್ ಆರಿಸಿ ಪಿರಿಯಾಪಟ್ಟಣದ ಬಸ್ ಹತ್ತಿದೆ.

ಬಸ್ಸು ಊರು ದಾಟಿದಾಗ ಅವನ ಮೆಸೇಜ್ ಬಂತು. 'ಬರೆದದ್ದು ಉಳಿಯೋ ಹಾಗೆ ಮಾಡಿದೀನಿ. ಮೂರು ಗಂಟೆಗೇ ಅಪ್‌ಡೇಟ್ ಆಯ್ತು. ಬೆಳಿಗ್ಗೆ ಎಂಟೂವರೆಗೆ ಬಂದು ಒಮ್ಮೆ ಚೆಕ್ ಮಾಡ್ತೀನಿ.'

ಮೂರು ಗಂಟೆಗೆ. ನಾನು ಬರೆದದ್ದು ನಾಲ್ಕಕ್ಕೆ.

ಕೌಂಟರಿನ ಲಾಗಿನ್ ಒಂದೇ. ನಾನೂ ಗೋವಿಂದಯ್ಯ ಸಾರೂ ಅದನ್ನೇ ಬಳಸುವುದು. ಆಫೀಸಿನ ಕಂಪ್ಯೂಟರ್ ಬಿಟ್ಟು ಬೇರೆಲ್ಲೂ ಅದು ತೆರೆಯುವುದಿಲ್ಲ. ಬೆಳಿಗ್ಗೆ ಮೊದಲು ಲಾಗಿನ್ ಆದವರ ಎದುರಿಗೆ ನನ್ನ ಬರಹ ಬಂದು ನಿಲ್ಲುತ್ತದೆ. ಸಾರ್ ಕಣ್ಣಿಗೆ ಬಿದ್ದರೆ ಸೋಮವಾರದೊಳಗೆ ಇಡೀ ಸಂಘಕ್ಕೆ ಗೊತ್ತಾಗುತ್ತದೆ, ನಾನು ಆ ಕುರ್ಚಿಯಲ್ಲಿ ಮತ್ತೆ ಕೂರಲಾರೆ. ಅವನ ಕಣ್ಣಿಗೆ ಬಿದ್ದರೆ? ಅದನ್ನು ನೆನೆಸಿಕೊಳ್ಳಲೂ ಧೈರ್ಯವಾಗಲಿಲ್ಲ. ಅವನ ಮುಂದೆ ನನ್ನ ಮಾನ ಉಳಿಯಬೇಕೆಂದರೆ ಎಂಟೂವರೆಯೊಳಗೆ ಅಲ್ಲಿರಬೇಕಿತ್ತು.

ಮರುದಿನ ಮೊದಲ ಬಸ್ ತುಂಬಿ ನಿಲ್ಲಿಸದೆ ಹೋಯಿತು. ಎರಡನೆಯದು ಕಂಪಲಾಪುರದ ಹತ್ತಿರ ಪಂಕ್ಚರ್. ಹುಣಸೂರಿನಲ್ಲಿ ಇಳಿದಾಗ ಹತ್ತು ಗಂಟೆ. ಓಡಿದೆ. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಊಟದ ಬ್ಯಾಗನ್ನು ಇನ್ನೊಂದರಲ್ಲಿ ಹಿಡಿದು.

ಬಾಗಿಲಲ್ಲೇ ಗೋವಿಂದಯ್ಯ ಸಾರ್ ಸಿಕ್ಕರು. ಕೈಯಲ್ಲಿ ಹಳೆಯ ಉದ್ದನೆಯ ಪುಸ್ತಕ.

"ಬಂದ್ಯೇನಮ್ಮ. ಈ ಆಸಾಮಿ ಎಂಟೂವರೆಯಿಂದ ನಿನ್ನ ಕುರ್ಚಿ ಬಿಟ್ಟು ಎದ್ದಿಲ್ಲ. ಕೇಳಿದ್ರೆ ಚೆಕಿಂಗು ಅಂತಾನೆ. ಬಂದೋರನ್ನೆಲ್ಲ ನಾನು ಇದ್ರಲ್ಲಿ ಬರ್ಕೊತಾ ಇದೀನಿ. ಟೀ ಕುಡಿದು ಬತ್ತೀನಿ, ಅಷ್ಟ್ರಲ್ಲಿ ಅವನ್ನ ಏಳ್ಸು."

ಸಾರ್ ಹೋದರು. ಚೇತನ್ ನನ್ನ ಕುರ್ಚಿಯಲ್ಲಿದ್ದ. ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿಟ್ಟುಕೊಂಡಿದ್ದ. ಇಣುಕಿದೆ. ಪರದೆಯ ಮೇಲೆ ನನ್ನ ಬರಹ.

"ಓದಿದ್ರಾ?"

"ಲಾಗಿನ್ ಆದ ತಕ್ಷಣ ಬಂತು. ನನ್ನ ಹೆಸರಿತ್ತು. ಓದಿದೆ. ತಪ್ಪಾಗಿದ್ರೆ ಕ್ಷಮಿಸಿ."

ನೆಲ ನೋಡುತ್ತಾ ನಿಂತೆ. "ಅಳಿಸಿಬಿಡಬಹುದಿತ್ತಲ್ಲ."

"ಒಂದು ಸೆಕೆಂಡ್ ಸಾಕಿತ್ತು. ಆದ್ರೆ ನಾನು ಅಳಿಸಿದ್ರೆ, ಬೇಡ ಅಂದಂಗೆ ಆಗ್ತಿತ್ತು." ಅವನು ಮೌಸಿನ ಮೇಲಿಂದ ಕೈ ತೆಗೆದ. "ಲಾಗೌಟ್ ಮಾಡಿದ್ರೆ ಆಮೇಲೆ ಬಂದೋರಿಗೆ ಕಾಣ್ತಿತ್ತು. ಅದಕ್ಕೇ ಏಳ್ಲಿಲ್ಲ. ಅದು ಕೇಳಿದಾಗಲೆಲ್ಲ 'ಇದ್ದೀನಿ' ಒತ್ತುತಾ ಕೂತಿದ್ದೆ. ಒಂಬತ್ತು ಸಲ."

ಒಂಬತ್ತು ಸಲ. ಒಂದೂವರೆ ಗಂಟೆ. ಟೀಗೂ ಏಳದೆ, ಸಾರ್ ಗೊಣಗಾಟ ಕೇಳಿಸಿಕೊಂಡು. ನನ್ನ ಕಣ್ಣು ತುಂಬಿ ಬಂತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಗುರುವಾರ ಕೇಳಿದಾಗ ಬರೀ ಕೆಲಸ ಅಂದು ಯಾಕೆ ಸುಮ್ನಾದ್ರಿ ಮತ್ತೆ?"

"ನೀವೇ ಹೇಳಿದ್ದು. ಸುಮ್ನಿದ್ರೆ ಇಲ್ಲ ಅಂತಲ್ಲ."

"ನನ್ನ ಮಾತು ನನಗೇ ತಿರುಗಿಸ್ಬೇಡಿ."

ಅವನು ಎದ್ದು ನಿಂತ. ಈ ಸಲ ಎಷ್ಟು ಹೊತ್ತಾದರೂ ಕಾಯುವುದು ಅಂತ ನಾನು ಮನಸ್ಸು ಗಟ್ಟಿಮಾಡಿಕೊಂಡೆ.

"ಸಂಘಮಿತ್ರ, ಆ 'ಇದ್ದೀರಾ' ಹಾಕೋದು, ಬರೆದದ್ದು ಉಳಿಸೋದು, ಎಲ್ಲಾ ಸೇರಿ ಅರ್ಧ ದಿನದ ಕೆಲಸ. ಮೂರು ವಾರ ಎಳೆದೆ. ಕೇಬಲ್ ತಾನಾಗೇ ಕಿತ್ಕೊಳಲ್ಲ ಅಂತ ನನಗೂ ಗೊತ್ತಿತ್ತು. ಪ್ರತಿ ಸಲ ಖುಷಿಯಾಗಿ ಬರ್ತಿದ್ದೆ. ನನಗೂ ಅಂಗೇ ಕಣ್ರೀ. ಮೊದಲ್ನೇ ದಿನ ನೀವು ಫೋನಲ್ಲಿ ಬೈದಾಗಿಂದ."

ಹಿಂದಿನ ಸಂಜೆಯಿಂದ ಹಿಡಿದಿಟ್ಟಿದ್ದ ಉಸಿರೆಲ್ಲ ಒಮ್ಮೆಲೇ ಹೊರಗೆ ಬಂತು. ಸ್ಟೂಲಿನ ಮೇಲೆ ಕೂತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಪರದೆಯ ಮೇಲೆ ಚೌಕ ಮೂಡಿತು. ಇದ್ದೀರಾ?

ಚೇತನ್ ಮೌಸಿಗೆ ಕೈ ಹಾಕಿದವನು ತಡೆದು, ಅದನ್ನು ನನ್ನ ಕಡೆಗೆ ಸರಿಸಿದ. ಹತ್ತನೆಯದನ್ನು ನಾನು ಒತ್ತಿದೆ. ನನ್ನ ಕೈ ಮೇಲೆ ಅವನ ಕೈ ಬಂತು.

ಆಮೇಲೆ ಅವನು ಬಗ್ಗಿ, ನಾನು ಮತ್ತೆ ಕಿತ್ತಿಟ್ಟಿದ್ದ ಪ್ರಿಂಟರ್ ಕೇಬಲನ್ನು ಸಿಕ್ಕಿಸಿದ. "ಒಂದು ಕಾಪಿ ಕೊಡ್ತೀರಾ?" ಎಂದು ಕೇಳಿದ. ಕೊಟ್ಟೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಷರಾ ಚೌಕವನ್ನು ನಾನೇ ಅಳಿಸಿದೆ.

ಗೋವಿಂದಯ್ಯ ಸಾರ್ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸಿತು. ಚೇತನ್ ಗಡಿಬಿಡಿಯಿಂದ ಬ್ಯಾಗ್ ಏರಿಸಿಕೊಂಡ.

"ಸೋಮವಾರ ಬತ್ತೀನಿ."

"ಕೆಲಸ ಏನೂ ಉಳಿದಿಲ್ವಲ್ಲ," ಎಂದೆ.

"ಗೊತ್ತು," ಎಂದ. "ಅದಕ್ಕೇ ಬತ್ತೀನಿ."