ನೀಲಿ ಫ್ರಾಕಿನ ಎಂಟು ತುಂಡು

ಇಸ್ತ್ರಿಯವನು ಕೆಂಡಕ್ಕೆ ಗಾಳಿ ಹಾಕುತ್ತಿದ್ದಾಗ ದರ್ಜಿಯಮ್ಮ ಓಡಿಬಂದು ಮಡಿಲಲ್ಲಿದ್ದ ನೀಲಿ ಬಟ್ಟೆಯನ್ನು ಬೀಗದಜ್ಜಿಯ ಮುಂದೆ ಸುರಿದಳು. ಹಿಂದಿನ ಸಂಜೆ ಅವನೇ ಇಸ್ತ್ರಿ ಮಾಡಿಕೊಟ್ಟ ಫ್ರಾಕು ಈಗ ಎಂಟು ತುಂಡಾಗಿತ್ತು.

"ಅಜ್ಜಿ, ಹನ್ನೊಂದಕ್ಕೆ ಮಕ್ಕಳ ಕಲ್ಯಾಣ ಆಫೀಸಿನ ಮೇಡಂ ಬರ್ತಾರೆ. ಸಾಕಿದ ಮಗು ನನ್ನ ಹತ್ರ ಇರಬೇಕಾ, ವಾಪಸ್ ಹೋಗಬೇಕಾ ಅಂತ ಇವತ್ತೇ ತೀರ್ಮಾನ. ಇದನ್ನ ಹಾಕ್ಕೊಂಡು ನಿಲ್ಲಬೇಕಿತ್ತು ಅವಳು."

"ಯಾರ ಕೆಲಸವಂತೆ?"

"ತನ್ನದೇ ಅಂತಾಳೆ ಹುಡುಗಿ. ಟ್ರಂಕಿಗೆ ಬೀಗ ಜಡಿದು ಅದರ ಮೇಲೇ ಕೂತಿದಾಳೆ. ಆದ್ರೆ ಸುಳ್ಳು ಅಜ್ಜಿ. ಸುಳ್ಳು ಹೇಳುವಾಗ ಕಾಲ್ಬೆರಳು ಮಡಚ್ತಾಳೆ. ಆರು ತಿಂಗಳಲ್ಲಿ ಅಷ್ಟೂ ಗೊತ್ತಾಗಲ್ವಾ ನಂಗೆ?"

ಬೀಗ ರಿಪೇರಿಯ ಆ ಮುದುಕಿಯ ಮುಂದೆ ಓಣಿಯ ಯಾವ ಗುಟ್ಟೂ ಬಹಳ ದಿನ ಬಾಯಿ ಮುಚ್ಚಿಕೊಂಡಿರುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅವಳ ಬೆನ್ನಿಗೇ ಇದ್ದ ಇಸ್ತ್ರಿಯವನ ಊಹೆಯಾದರೋ ಒಮ್ಮೆಯೂ ಸರಿಹೋಗಿರಲಿಲ್ಲ.

"ಹುಡುಗೀನೇ ಇರಬೇಕು. ಅವಳಿಗೆ ಇದು ಐದನೇ ಮನೆ. ಸಿಟ್ಟಿರಲ್ವಾ?" ಎಂದ.

"ನೀನಂದ್ಯಲ್ಲ, ಹಾಗಾದ್ರೆ ಅವಳಲ್ಲ ಬಿಡು," ಎಂದು ಅಜ್ಜಿ ಎದ್ದಳು.

ಹೊಲಿಗೆ ಕೋಣೆಯಲ್ಲಿ ಎರಡು ಮಿಷನ್ನು, ಒಂದು ಉದ್ದನೆಯ ಮೇಜು. ದರ್ಜಿಯಮ್ಮನ ನಾದಿನಿ ತಲೆ ಎತ್ತದೆ ಹೊಲಿಯುತ್ತಿದ್ದಳು. ಅಜ್ಜಿ ತುಂಡುಗಳ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. ಬಟ್ಟೆಗೆ ಎಲ್ಲೂ ಗಾಯವಿರಲಿಲ್ಲ, ಹೊಲಿಗೆ ಮಾತ್ರ ಬಿಚ್ಚಿತ್ತು. ನೆಲದ ಮೇಲೆ ಒಂದು ನೀಲಿ ಎಳೆಯೂ ಇರಲಿಲ್ಲ. ಮೇಜಿನ ಅಂಚಿನಲ್ಲಿದ್ದ ಹಳೇ ಸ್ಕ್ರೂ ತೂತಿಗೆ ಬೀಗದ ಕಡ್ಡಿ ತೂರಿಸಿ ಏನನ್ನೋ ಎಳೆದು ಮುಷ್ಟಿಯಲ್ಲಿಟ್ಟುಕೊಂಡಳು.

"ಯಾವುದ್ರಲ್ಲಿ ಮಾಡಿದೆ ಮಗಾ?"

"ಕತ್ತರೀಲಿ. ಕಚಕಚ ಅಂತ," ಎಂದಳು ಟ್ರಂಕಿನ ಮೇಲಿದ್ದ ಹುಡುಗಿ.

ಹನ್ನೊಂದಕ್ಕೆ ಮೇಡಂ ಬಂದು ಕೂತರು. ಅಜ್ಜಿ ಇಸ್ತ್ರಿಯವನತ್ತ ತಿರುಗಿ, "ಅಂಗಿ ಬಿಚ್ಚು," ಎಂದಳು.

"ಅಜ್ಜೀ! ಹೆಂಗಸರ ಮುಂದೆ!"

"ಬನಿಯನ್ನಿದೆ ತಾನೆ? ಬಿಚ್ಚೋ."

ಆ ಅಂಗಿಯ ಒಂದು ತೋಳು ಬಿಚ್ಚಲು ಅಜ್ಜಿ ದರ್ಜಿಯಮ್ಮನಿಗೆ ಹೇಳಿದಳು, ಇನ್ನೊಂದು ನಾದಿನಿಗೆ, ಜೇಬು ಹುಡುಗಿಗೆ. ಹುಡುಗಿಯ ಕತ್ತರಿಗೆ ಜೇಬಿನ ಜೊತೆ ಅಂಗಿಯೂ ಹರಿಯಿತು. ದರ್ಜಿಯಮ್ಮ ಬಿಚ್ಚಿದ ದಾರವನ್ನು ನೆಲಕ್ಕೆ ಕೊಡವಿದಳು. ನಾದಿನಿ ಎಳೆ ಎಳೆಯಾಗಿ ಬಿಚ್ಚಿ, ದಾರವನ್ನೆಲ್ಲ ಉಂಡೆ ಮಾಡಿ, ನೋಡದೆಯೇ ಆ ತೂತಿಗೆ ತುರುಕಿದಳು.

ಅಜ್ಜಿ ಮುಷ್ಟಿ ತೆರೆದಳು. ಒಳಗೆ ಅಂಥದೇ ಉಂಡೆ, ನೀಲಿಯದು.

"ಮಗು ಮಾಡಿದ್ರೆ ಬಟ್ಟೆ ಹರೀತಿತ್ತು. ನಿನ್ನ ಅತ್ತಿಗೆ ಮಾಡಿದ್ರೆ ದಾರ ನೆಲದ ಮೇಲಿರ್ತಿತ್ತು. ನಿಂಗೆ ಕೋಪ ಬಂದ್ರೂ ಬಟ್ಟೆಗೆ ಕತ್ತರಿ ಹಾಕೋಕೆ ಕೈ ಬರಲಿಲ್ಲ, ಅಲ್ವೇನೆ?"

ನಾದಿನಿ ಅತ್ತುಬಿಟ್ಟಳು. "ಆಗಲೇ ಅವಳಿಗೆ ಗುಂಡಿ ಹಾಕೋದು ಕಲಿಸಿದ್ರಿ ಅತ್ತಿಗೆ. ನಾಳೆ ನನ್ನ ಮಿಷನ್ನೂ ಅವಳದೇ ಅನ್ನಿಸ್ತು."

"ಕಲೀಲಿ ಬಿಡೇ, ಮೂರನೇ ಮಿಷನ್ ತಂದ್ರಾಯ್ತು," ಎಂದಳು ದರ್ಜಿಯಮ್ಮ. " ಮಗು ತನ್ನ ಮೇಲೆ ಹಾಕ್ಕೊಂಡ್ರೂ ಸುಮ್ನೆ ಕೂತ್ಯಲ್ಲ, ಅದಕ್ಕೆ ಮೊದ್ಲು ಅವಳ ಹತ್ರ ತಪ್ಪಾಯ್ತು ಅನ್ನು. ಆಮೇಲೆ ಫ್ರಾಕಿನ ತೋಳು ಹಿಡಿ, ಹೊಲಿ."

ಮೇಡಂ ಹುಡುಗಿಯನ್ನು ಕೇಳಿದರು. "ನೀನ್ಯಾಕೆ ಒಪ್ಪಿಕೊಂಡೆ?"

"ಹೇಗೂ ಕಳಿಸ್ತಾರೆ ಅಂತ. ಅದಕ್ಕೆ ಮುಂಚೆ ನಾನೇ ಹೋಗೋಣ ಅನ್ನಿಸ್ತು."

"ಈಗ?"

ದರ್ಜಿಯಮ್ಮ ಅವಳ ಕಾಲ್ಬೆರಳನ್ನೇ ನೋಡುತ್ತಿದ್ದಳು.

"ಈಗ ಇಲ್ಲೇ ಇರ್ತೀನಿ."

ಬೆರಳು ಮಡಚಲಿಲ್ಲ. ಎರಡೂ ಮಿಷನ್ನು ಗಡಗಡ ಓಡಿದವು. ಮೇಡಂ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ನೀಲಿ ಫ್ರಾಕಿನ ಹುಡುಗಿ ಓಣಿಯುದ್ದಕ್ಕೂ ಓಡಿ ಬಂದು, ಟ್ರಂಕಿನ ಬೀಗವನ್ನು, ತನ್ನ ಜಾಗಕ್ಕೆ ಮರಳಿ ಕೂತಿದ್ದ ಅಜ್ಜಿಯ ಮಡಿಲಿಗೆ ಹಾಕಿದಳು.

"ಕೆಟ್ಟಿದೆಯೇನೇ?"

"ಇಲ್ಲ. ಬೇಡ ನಂಗೆ."

ಅಜ್ಜಿ ಅದನ್ನು ಗೋಡೆಯ ಮೊಳೆಗೆ ನೇತುಹಾಕಿದಳು. ತೋಳಿಲ್ಲದ ಅಂಗಿ ತೊಟ್ಟ ಇಸ್ತ್ರಿಯವನು ತನ್ನ ಊಹೆಯೂ ಅದೇ ಆಗಿತ್ತೆಂದು ಸಂಜೆಯವರೆಗೂ ಎಲ್ಲರಿಗೂ ಹೇಳುತ್ತಿದ್ದ.